ಒಂದು ಹಿಡಿ ತೌಡು

ಅಮ್ಮನನ್ನು ನೆನೆದರೆ ಈಗಲೂ ಮೊದಲು ಕಾಣುವುದು ಕುಣಿಗಲ್ಲಿನ ಆ ಕಿಟಕಿ. ತೊಂಬತ್ತರ ದಶಕದ ಕೊನೆ. ಎದೆಯ ಕ್ಯಾನ್ಸರ್‌ನಿಂದ ಸವೆದುಹೋದ ಅಮ್ಮ ತವರಿನ ಮಂಚದಲ್ಲಿ ಮಲಗಿ, ಬೆಳಗಿನ ಮಂಜಿನಲ್ಲಿ ಫಾರಂ ಕುದುರೆಗಳು ಓಡುವುದನ್ನು ನೋಡುತ್ತಿದ್ದಳು. ಕಾಲುಗಳು ಕಾಣುತ್ತಿರಲಿಲ್ಲ, ಬರೀ ಬೆನ್ನುಗಳು ತೇಲಿಹೋಗುತ್ತಿದ್ದವು. "ಎಲ್ಲಿಗೆ ಹೋಗ್ತವೆ ಕಣೇ ಅವು?" ಎನ್ನುತ್ತಿದ್ದಳು. "ಎಲ್ಲಿಗೂ ಇಲ್ಲ ಕಣಮ್ಮ, ವಾಪಸ್ ಬರ್ತವೆ" ಎನ್ನುತ್ತಿದ್ದೆ. ಕುದುರೆಗಳು ವಾಪಸ್ ಬಂದವು, ಅಮ್ಮ ಹೋದಳು. ನಮ್ಮ ತಾತ ಅದೇ ಫಾರಂನ ಲಾಯದಲ್ಲಿ ಜೀವ ತೇಯ್ದವನು. ಅಲ್ಲಿ ಪ್ರತಿ ಮರಿಗೂ ತಾಯಿ ಯಾರು, ಅಜ್ಜಿ ಯಾರು ಅಂತ ತಲೆಮಾರುಗಟ್ಟಲೆ ಬರೆದಿಡುತ್ತಿದ್ದರಂತೆ. ನಮ್ಮ ಮನೆಯ ಹೆಣ್ಣುಮಕ್ಕಳ ಒಂದು ತಲೆಮಾರೂ ನಮಗೆ ನೆಟ್ಟಗೆ ಗೊತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ನನ್ನ ತಂಗಿಗೂ ಅದೇ ಕಾಯಿಲೆ ಬಂತು. ಬೆಂಗಳೂರಿನ ಡಾಕ್ಟರಮ್ಮ ಅವಳ ರಕ್ತ ತೆಗೆದು ಜೀನ್ ಪರೀಕ್ಷೆಗೆ ಕಳಿಸಿದರು, ಆಮೇಲೆ ನನ್ನದನ್ನೂ. ಇಬ್ಬರಲ್ಲೂ ಒಂದೇ ಜೀನಿನ ಒಂದೇ ಜಾಗದಲ್ಲಿ ಬದಲಾವಣೆ ಇತ್ತು.

"ಇಂಥ ಬದಲಾವಣೆಗಳನ್ನ ವಿಂಗಡಿಸ್ತೀವಿ. ಕೆಲವು ಕ್ಯಾನ್ಸರ್‌ಗೆ ದಾರಿ ಮಾಡ್ತವೆ, ಕೆಲವು ಏನೂ ಮಾಡಲ್ಲ. ನಿಮ್ಮದು ಇನ್ನೂ ಗೊತ್ತಿಲ್ಲ ಅನ್ನೋ ಗುಂಪಲ್ಲಿದೆ" ಎಂದರು.

ನನಗೆ ಮೂಗಿನ ತುದಿಯಲ್ಲೇ ಕೋಪ. "ಗೊತ್ತಿಲ್ಲ ಅನ್ನೋಕೆ ಇಷ್ಟು ದೊಡ್ಡ ಪರೀಕ್ಷೆ ಯಾಕ್ರೀ ಬೇಕಿತ್ತು? ನಮ್ಮ ಬೀದಿ ಕಣಿ ಹೇಳೋಳೂ ಅಷ್ಟು ಹೇಳ್ತಾಳೆ!" ಎಂದುಬಿಟ್ಟೆ. ಒಳಗೆ ಮಾತ್ರ ಹೆದರಿಕೆ. ಅಪಾಯದ್ದಾದರೆ ಕಾಯಿಲೆ ಬರುವ ಮೊದಲೇ ಎದೆ ತೆಗೆಸುವ ಆಪರೇಷನ್ ಮಾಡಿಸಿಕೊಳ್ಳಬೇಕು. ಅಲ್ಲವಾದರೆ ಚೆನ್ನಾಗಿರುವ ಮೈಯನ್ನು ಸುಮ್ಮನೆ ಕೊಯ್ಸಿಕೊಂಡಂತೆ. ಡಾಕ್ಟರಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ತಾಯಿಯ ಕಡೆ ಈ ಕಾಯಿಲೆ ಬಂದು ಬದುಕಿರುವವರು ಯಾರಾದರೂ ಇದ್ದರೆ, ಅವರಲ್ಲೂ ಇದೇ ಬದಲಾವಣೆ ಸಿಕ್ಕರೆ, ಅದೊಂದು ಸಾಕ್ಷಿಯಾಗುತ್ತದೆ ಎಂದು ವಂಶವೃಕ್ಷ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ಅಲ್ಲೂ ನಮಗೆ ಸೊನ್ನೆಯೇ! "ಬೇರೆ ಯಾರೂ ಇಲ್ಲ" ಎಂದು ಹೇಳಿ ಬಂದೆ.

ಸದಾಶಿವನಗರದ ನಮ್ಮ ಮನೆಯಲ್ಲಿ ಆ ಹಾಳೆ ವಾರಗಟ್ಟಲೆ ಬಿದ್ದಿತ್ತು. ಮಧ್ಯಾಹ್ನ ಕಣ್ಣು ಮುಚ್ಚಿದರೆ ಸೊನ್ನೆಗಳು ಮಂಜಿನಲ್ಲಿ ತೇಲಿಬರುತ್ತಿದ್ದವು, ಹಿಂದೆ ಕುದುರೆಗಳು. ಒಂದು ದಿನ ಹಾಗೇ ಮಂಪರಿನಲ್ಲಿದ್ದಾಗ, ನಮ್ಮ ಜೊತೆಯಲ್ಲೇ ಇದ್ದ ಅಮ್ಮನ ತಾಯಿ, ನಮ್ಮಜ್ಜಿ, ಹಾಳೆ ಎತ್ತಿಕೊಂಡಳು.

"ಕಪ್ಪು ಬಳ್ದಿರೋ ಸೊನ್ನೆ ಏನೇ?"

"ಕಾಯಿಲೆ ಬಂದೋರು ಕಣಜ್ಜಿ. ಅದು ಅಮ್ಮ."

ಅಜ್ಜಿಯ ಬೆರಳು ಅಲ್ಲೇ ನಿಂತಿತು. "ಅದ್ರ ಪಕ್ಕ ಇನ್ನೊಂದು ಸೊನ್ನೆ ಬರಿ. ಕಪ್ಪು ಬಳಿ. ಗುಬ್ಬಿಯೋಳು ನನ್ನ ಮಗಳು" ಎಂದಳು.

ಗುಬ್ಬಿ ಚಿಕ್ಕಮ್ಮ! ಅಜ್ಜಿಯ ಗೆಳತಿಯ ಮಗಳೆಂದೇ ನಾವೆಲ್ಲ ತಿಳಿದಿದ್ದವಳು. ಅವಳಿಗೆ ಒಂದು ಎದೆ ತೆಗೆದಿದ್ದಾರೆ ಎಂಬುದು ಗೊತ್ತಿದ್ದೂ, ರಕ್ತಸಂಬಂಧವಲ್ಲವೆಂದು ನಾನು ಬಾಯಿ ಬಿಟ್ಟಿರಲಿಲ್ಲ. ಪಕ್ಕದ ಮನೆಯ ಆ ಗೆಳತಿಗೆ ಹುಟ್ಟಿದ ಮಕ್ಕಳು ಒಂದೂ ಉಳಿಯುತ್ತಿರಲಿಲ್ಲವಂತೆ. ಅಜ್ಜಿ ತನ್ನ ಹಸುಗೂಸನ್ನು ಮೊರದಲ್ಲಿ ಮಲಗಿಸಿ ಅವಳ ಮಡಿಲಿಗೆ ಹಾಕಿ, ಮಾರಿದ ಶಾಸ್ತ್ರಕ್ಕೆ ಒಂದು ಹಿಡಿ ತೌಡು ಈಸಿಕೊಂಡಳಂತೆ. ತೌಡು ಈಸಿಕೊಂಡ ಮೇಲೆ ಮಗು ಕೊಂಡವರದು. ನನ್ನದು ಎನ್ನಬಾರದು, ಎಂದರೆ ಮಗುವಿಗೆ ಕೇಡು. ಗೆಳತಿ ಗುಬ್ಬಿಗೆ ಹೋಗಿ ನೆಲೆಸಿ, ಅಲ್ಲೇ ಕಣ್ಣು ಮುಚ್ಚಿದಳು. ಅಜ್ಜಿ ಐವತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದಳು. "ಹೇಳಿದ್ರೆ ಅವ್ಳಿಗೆ ಕೇಡು. ಹೇಳ್ದಿದ್ರೆ ನಿನಗೆ. ಏನ್ ಮಾಡ್ಲವ್ವಾ?" ಎಂದು ಅತ್ತಳು. ಮೊದಲು ಸಿಟ್ಟು ಬಂತು, ಆಮೇಲೆ ಅವಳ ಕೈ ಹಿಡಿದುಕೊಂಡು ನಾನೂ ಅತ್ತೆ.

ಗುಬ್ಬಿಗೆ ಹೋದ ಬಸ್ಸು ಯಾಕೋ ನಿಧಾನವಾಗಿ, ನಿದ್ದೆಯಲ್ಲಿ ನಡೆದಂತೆ ಹೋಯಿತು. ಜಗಲಿಯ ಮೇಲೆ ಕೂತು ಅಜ್ಜಿ ಎಲ್ಲ ಹೇಳಿದಳು. ಚಿಕ್ಕಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ ಕೇಳಿದಳು.

"ದೊಡ್ಡವ್ವಾ, ಆವತ್ತು ತೌಡು ಈಸ್ಕೊಂಡು ಕೊಟ್ಟೆ. ಇವತ್ತು ರಕ್ತ ಕೇಳೋಕ್ ಬಂದ್ಯಾ?"

ಅಜ್ಜಿ ತಲೆ ಎತ್ತಲಿಲ್ಲ. ನಾನೂ ಕೇಳಲು ಬಂದವಳೇ ತಾನೆ. ಬುಟ್ಟಿ ಖಾಲಿಯಾಗುವವರೆಗೂ ಅವರೆಕಾಯಿ ಸುಲಿಯುವುದು ನಡೆದೇ ಇತ್ತು. ಕೊನೆಗೆ ಚಿಕ್ಕಮ್ಮ ಸಿಪ್ಪೆ ಕೊಡವಿ ಎದ್ದು, ನನ್ನ ಕಡೆ ತಿರುಗಿ, "ಈ ಮಗಾ ಏನ್ ಪಾಪ ಮಾಡೈತೆ? ಯಾವತ್ತು ಬರ್ಬೇಕು ಹೇಳು" ಎಂದಳು.

ಅವಳೂ ಅಜ್ಜಿಯೂ ರಕ್ತ ಕೊಟ್ಟು ತಿಂಗಳುಗಳಾದ ಮೇಲೆ ಡಾಕ್ಟರಮ್ಮ ಕರೆದರು. ಇಬ್ಬರಲ್ಲೂ ಅದೇ ಬದಲಾವಣೆ. ಅಜ್ಜಿಯಂತೆ ಕೆಲವರಿಗೆ ಕಾಯಿಲೆ ಬರದೆಯೂ ಇರಬಹುದಂತೆ. ಬೇರೆ ಊರಿನ ಕುಟುಂಬಗಳಲ್ಲೂ ಇದು ಕಾಯಿಲೆಯ ಜೊತೆಗೇ ಸಿಕ್ಕಿತ್ತು. ಎಲ್ಲ ಸೇರಿಸಿ ನೋಡಿ ಅದನ್ನು ಗೊತ್ತಿಲ್ಲದ ಗುಂಪಿನಿಂದ ತೆಗೆದು, ಬಹುಮಟ್ಟಿಗೆ ಅಪಾಯದ್ದು ಎನ್ನುವ ಗುಂಪಿಗೆ ಹಾಕಿದ್ದರು. ನಾನು ಆಪರೇಷನ್ನಿಗೆ ಒಪ್ಪಿದೆ. ಹೆದರಿಕೆ ಹೋಗಲಿಲ್ಲ, ಆದರೆ ಆವತ್ತು ನಿದ್ದೆ ಬಂತು.

ವಿಷಯ ತಿಳಿಸಲು ಮತ್ತೆ ಗುಬ್ಬಿಗೆ ಹೋದೆವು. ಜಗಲಿಯ ಮೇಲೆ ಕೂತು ನಾನು ಎಲ್ಲ ಹೇಳಿ ಮುಗಿಸುತ್ತಲೇ ಅಜ್ಜಿ ಸೆರಗಿನ ಗಂಟು ಬಿಚ್ಚಿ, ನನಗೂ ಹೇಳದೆ ತಂದಿದ್ದ ಒಂದು ಹಿಡಿ ತೌಡನ್ನು ಚಿಕ್ಕಮ್ಮನ ಮಡಿಲಿಗೆ ಸುರಿದಳು. "ಈಸ್ಕೊಂಡಿದ್ದು ವಾಪಸ್ ಕೊಟ್ಟಿದೀನಿ" ಎಂದಳು.

ಚಿಕ್ಕಮ್ಮ ಮಡಿಲು ನೋಡಿಕೊಂಡು ಕೂತಳು. ಆಮೇಲೆ ನಕ್ಕಳು. "ನಿನ್ನ ಮಗಳಿಗೆ ಕೊಟ್ಟ ಪಾಲು ನಂಗೂ ಕೊಟ್ಟಿದೀಯ ಅಂತ ಡಾಕ್ಟ್ರೇ ಬರ್ದವ್ರಲ್ಲ, ಇನ್ನು ತೌಡ್ಯಾಕೆ ಬುಡು." ನಗುತ್ತಲೇ ಕಣ್ಣೀರು ಇಳಿಯುತ್ತಿತ್ತು. ನನ್ನ ಗಲ್ಲ ಹಿಡಿದು, "ಆಪರೇಷನ್ ದಿವ್ಸ ನಾನ್ ಬರ್ತೀನಿ. ನಿಮ್ಮಮ್ಮ ಇಲ್ದಿದ್ರೇನು, ಅವ್ಳ ತಂಗಿ ಇಲ್ವಾ?" ಎಂದಳು.

ತೌಡನ್ನು ಚೆಲ್ಲದೆ ಸೆರಗಿನಲ್ಲಿ ಹಾಗೇ ಹಿಡಿದುಕೊಂಡು ಒಳಗೆ ಹೋದಳು. ತಟ್ಟೆಗಳ ಸದ್ದಾಯಿತು. "ಅವ್ವಾ, ಕೈ ತೊಳ್ಕೊಂಡು ಉಣ್ಣೋಕ್ ಬಾ" ಎಂದು ಕೂಗಿದಳು.

ಯಾರನ್ನು ಕರೆದಳೋ ಎಂದು ಅಜ್ಜಿ ಹಿಂದೆ ತಿರುಗಿ ನೋಡಿದಳು.