ಹೊರಗಿನ ಚಿಲಕ

ಮೊನ್ನೆ ಮಂಗಳವಾರ ನಾನು ಒಂದು ಬಾಗಿಲು ತೆಗೆದೆ. ಮಾಡಿದ್ದು ಅಷ್ಟೇ. ಅದಾದ ಮೇಲೆ ಒಂದು ಊರಿಗೆ ಊರೇ ಕಾಳಿ ಹೊಳೆಯ ದಂಡೆಯಲ್ಲಿ ನಿಂತು ಒಂದು ಕೂಸಿನ ಹೆಸರು ಕೂಗಿತು.

ಊರಿನ ಹೆಸರು ಬೇಡ, ಮಂದಿಯ ಹೆಸರನ್ನೂ ಬದಲಿಸಿದ್ದೇನೆ. ದಾಂಡೇಲಿಯಿಂದ ಬಹಳ ದೂರವೇನಿಲ್ಲ ಅಂದರೆ ಸಾಕು. ಹೆಸರು ಬರೆದರೆ ಕೆಲಸ ಕಳೆದುಕೊಳ್ಳುವವಳು ಒಬ್ಬ ಬಡ ಹೆಂಗಸು, ಬೇರೆ ಯಾರೂ ಅಲ್ಲ. (ನಮ್ಮಲ್ಲಿ ‘ಸೂಕ್ತ ಕ್ರಮ’ ಎಂಬುದು ಕೆಳಗಿನ ಮೆಟ್ಟಿಲಿನಿಂದಲೇ ಶುರುವಾಗಿ ಅಲ್ಲಿಯೇ ಮುಗಿಯುತ್ತದೆ. ನಿಮಗೆ ಗೊತ್ತಿಲ್ಲದ್ದೇನು?)

ನನ್ನ ಚಿಕ್ಕಮ್ಮನ ಮಗಳು ಆ ಊರಿನಲ್ಲಿದ್ದಾಳೆ. ಬಾಣಂತಿ. ಅವಳನ್ನು ಮಾತಾಡಿಸಿಕೊಂಡು ಹಳಿಯಾಳಕ್ಕೆ ವಾಪಸು ಹೊರಟಿದ್ದೆ. ಆ ಕಡೆ ಬಸ್ಸು ತನಗೆ ಮನಸ್ಸು ಬಂದಾಗ ಬರುತ್ತದೆ. ಬಸ್ ನಿಲ್ಲುವ ಜಾಗದಲ್ಲಿ ಒಂದು ಗೂಡಂಗಡಿ, ಅದರ ಪಕ್ಕಕ್ಕೆ ಒಂದೇ ಕೋಣೆಯ ಅಂಗನವಾಡಿ. ಅಂಗನವಾಡಿಯ ಹಿಂದೆ ಇಳಿಜಾರು, ಇಳಿಜಾರಿನ ಕೆಳಗೆ ಹೊಳೆ. ಹೊಳೆಯಲ್ಲಿ ಮೊಸಳೆ ಇದೆ ಎಂದು ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ.

ಗೋಡೆಯ ಮೇಲೆ ಗಿಳಿ, ಮಾವಿನಹಣ್ಣು, ನಗುವ ಸೂರ್ಯ. ಬಾಗಿಲಿಗೆ ಹೊರಗಿನಿಂದ ಚಿಲಕ. ಒಳಗೆ ಮಕ್ಕಳು ಅಳುತ್ತಿದ್ದವು.

ಮೊದಲು ನಾನು ಲಕ್ಷ್ಯ ಕೊಡಲಿಲ್ಲ. ಅಂಗನವಾಡಿಯಲ್ಲಿ ಮಕ್ಕಳು ಅಳದೆ ಇನ್ನೇನು ಹಾಡುತ್ತವೆಯೇ? ಆಮೇಲೆ ಅನ್ನ ಹೊತ್ತಿದ ವಾಸನೆ ಬಂತು. ವಾಸನೆಯ ಹಿಂದೆಯೇ ಕಿಟಕಿಯಿಂದ ಹೊಗೆ ಬಂತು. ಗೂಡಂಗಡಿಯ ಚಾಚಾ ತಲೆ ಎತ್ತಿ, “ಆಯಾ ಬೋರಿಂಗಿಗೆ ನೀರಿಗೆ ಹೋಗ್ಯಾಳ್ರಿ, ಬರತಾಳ” ಅಂದರು. ನನಗೆ ತಡೆಯಲಾಗಲಿಲ್ಲ. ಓಡಿಹೋಗಿ ಚಿಲಕ ಎಳೆದೆ.

ಮಕ್ಕಳ ಕೋಣೆಯೂ ಅದೇ, ಅಡುಗೆಮನೆಯೂ ಅದೇ. ಮೂಲೆಯಲ್ಲಿ ಗ್ಯಾಸ್ ಒಲೆ, ಅದರ ಮೇಲೆ ನೀರು ಆರಿದ ಕುಕ್ಕರ್. ಕೆಮ್ಮುತ್ತಾ ಹೋಗಿ ಸಿಲಿಂಡರ್ ಬಂದ್ ಮಾಡಿದೆ. ದೊಡ್ಡ ಕೆಲಸ ಮಾಡಿದೆ ಅಂದುಕೊಂಡು ತಿರುಗಿ ನೋಡುತ್ತೇನೆ, ಕೋಣೆ ಖಾಲಿ! ಬುಟ್ಟಿ ಎತ್ತಿದಾಗ ಕೋಳಿಮರಿ ಚೆದುರುವ ಹಾಗೆ ಮಕ್ಕಳು ನನ್ನ ಕಾಲ ಸಂದಿಯಿಂದಲೇ ಪಾರಾಗಿದ್ದವು. ಕೆಲವು ರಸ್ತೆಗೆ, ಕೆಲವು ಇಳಿಜಾರಿಗೆ.

ಅದೇ ಹೊತ್ತಿಗೆ ಆಯಾ ಶಾಂತವ್ವ ತಲೆಯ ಮೇಲೆ ಕೊಡ ಹೊತ್ತು ಬಂದಳು. ಕೊಡ ಅಲ್ಲೇ ಬಿತ್ತು.

“ಯಾರ್ರೀ ಬಾಗಲಾ ತಗದವ್ರು? ಹುಡುಗೂರು ಹೊಳಿಗೆ ಹೊಂಟಾವಲ್ರೀ!”

ಚಾಚಾ ಲುಂಗಿ ಎತ್ತಿ ಕಟ್ಟಿ ಇಳಿಜಾರಿಗೆ ಓಡಿದರು. ನಾನು ರಸ್ತೆಗೆ ಓಡಿದೆ. ಅಕ್ಕಪಕ್ಕದ ಹೆಂಗಸರು ಕೈಯಲ್ಲಿದ್ದದ್ದು ಬಿಟ್ಟು ಬಂದರು. ಕಂಕುಳಲ್ಲಿ ಒಂದು, ಕೈಯಲ್ಲಿ ಒಂದು ಹಿಡಿದು ತಂದು ಕಟ್ಟೆಯ ಮೇಲೆ ಕೂಡಿಸಿದೆವು. ಶಾಂತವ್ವ ಒಂದೊಂದು ತಲೆಯನ್ನೂ ಮುಟ್ಟಿ ನೋಡಿದಳು. ಮತ್ತೊಮ್ಮೆ ಮುಟ್ಟಿದಳು. ಆಮೇಲೆ ಅವಳ ಮುಖ ಸುಣ್ಣದ ಹಾಗಾಯಿತು.

“ಫಿಲು ಇಲ್ಲ.”

ಫಿಲೋಮಿನಾ. ಸಿದ್ದಿ ಬುಡಕಟ್ಟಿನವರ ಕೂಸು, ಇನ್ನೂ ಮೂರು ತುಂಬಿ ಸ್ವಲ್ಪವೇ ಆಗಿದೆ. ತಾಯಿ ಜೂಲಿಯಾನಾ ಹೊಳೆಯ ಮೇಲುಗಡೆಯ ಒಂದು ರೆಸಾರ್ಟಿನಲ್ಲಿ ಚಾದರ ಒಗೆಯುತ್ತಾಳೆ. ಯಾರೋ ಫೋನ್ ಮಾಡಿದರು. ಉಳಿದವರೆಲ್ಲ ದಂಡೆಗೆ ಇಳಿದು ಕೂಗಿದೆವು. “ಫಿಲೂ... ಏ ಫಿಲೂ...” ನಾನು ಕೋಣೆಯೊಳಗೂ ಹೋಗಿ ಕೂಗಿ ಬಂದೆ. ಹೊಗೆ, ಕತ್ತಲೆ, ಸುಮ್ಮನೆ ಬಿದ್ದ ಚಾಪೆಗಳು. ಯಾರೂ ಓ ಅನ್ನಲಿಲ್ಲ.

ಮತ್ತೆ ದಂಡೆಗೆ ಇಳಿದು ನೀರಿನ ಹತ್ತಿರದ ಪೊದೆಗಳನ್ನು ಸರಿಸಿ ನೋಡುತ್ತಿದ್ದೆ. ಮೇಲಿನಿಂದ ಪ್ರವಾಸಿಗರ ರಾಫ್ಟ್ ಒಂದು ತೇಲಿ ಬಂತು. ಅದರಲ್ಲಿ ಎರಡು ಮಕ್ಕಳು, ಮೈತುಂಬ ಕೇಸರಿ ಬಣ್ಣದ ಲೈಫ್ ಜಾಕೆಟ್, ತಲೆಗೆ ಹೆಲ್ಮೆಟ್, ಕಾಯಲು ಇಬ್ಬರು ಗೈಡುಗಳು. ನಮ್ಮನ್ನು ನೋಡಿ ಖುಷಿಯಿಂದ ಕೈ ಬೀಸಿದವು. ಪಾಪ, ಅವುಗಳ ತಪ್ಪೇನು? ಆದರೆ ಅದೇ ಹೊಳೆ, ಅವೂ ಮಕ್ಕಳೇ. ಅಲ್ಲಿ ಒಂದು ಮಗುವಿಗೆ ಒಬ್ಬ ಕಾವಲು. ಇಲ್ಲಿ ಒಂದು ಕೋಣೆ ಮಕ್ಕಳಿಗೆ ಒಂದು ಚಿಲಕ.

ಶಾಂತವ್ವ ದಂಡೆಯಲ್ಲೇ ಕುಸಿದು ಕೂತು ನನ್ನನ್ನು ನೋಡಿ ಅಂದಳು, “ನಳಾ ನಿಂತು ವಾರಾ ಆತ್ರಿ. ಟೀಚರ್ ವೋಟರ್ ಲಿಸ್ಟ್ ಕೆಲಸಕ್ಕ ಹೋಗ್ಯಾರ. ನಾ ಒಬ್ಬಾಕಿ. ನೀರಿಗೆ ಹೋದ್ರ ಹುಡುಗೂರು ಬೆನ್ನ ಹತ್ತತಾವು, ಬೆನ್ನ ಹತ್ತಿದ್ರ ಇದ ಹೊಳಿ. ಇವತ್ತ ಬೋರಿಂಗಿನ್ಯಾಗ ಪಾಳಿ ಇತ್ತು, ತಡಾ ಆತು. ಚಿಲಕಾ ಹಾಕದ ನಾ ಏನ ಮಾಡ್ಲಿ? ನೀವ್ಯಾಕ ತಗದ್ರಿ ಅಕ್ಕಾರ?”

ನಾನು ಹೊಗೆಗೆ ಹೆದರಿ ತೆಗೆದೆ. ಅವಳು ಹೊಳೆಗೆ ಹೆದರಿ ಹಾಕಿದ್ದಳು.

ಹಾಗೆ ನೋಡಿದರೆ ಹೊರಗಿನ ಚಿಲಕ ನಮ್ಮ ಕಡೆ ಹೊಸದೇನಲ್ಲ. ಕಬ್ಬು ಕಡಿಯಲು ಹೋಗುವ ಹಳಿಯಾಳದ ತಾಯಿ, ಗೋವಿನಜೋಳ ಮುರಿಯಲು ಹೋಗುವ ಮುಂಡಗೋಡದ ತಾಯಿ, ಸೌದೆಗೆ ಹೋಗುವ ಜೊಯಿಡಾದ ತಾಯಿ, ಎಲ್ಲರೂ ಮಾಡುವುದು ಇದನ್ನೇ. ಕೂಸನ್ನು ಒಳಗೆ ಬಿಟ್ಟು, ತಾಟಿನಲ್ಲಿ ಒಂದು ಹಿಡಿ ಚುರುಮರಿ ಹಾಕಿ, ಹೊರಗೆ ಚಿಲಕ ಏರಿಸಿ, ನೆರೆಮನೆಗೆ “ಸ್ವಲ್ಪ ಲಕ್ಷ್ಯ ಇರ್ಲಿ” ಅನ್ನುವುದು. ಕೀಲಿ ಹಾಕುವುದಿಲ್ಲ. ಬೆಂಕಿ ಬಿದ್ದರೆ ನಾಲ್ಕು ಮಂದಿಗೆ ತೆಗೆಯಲು ಬರಬೇಕಲ್ಲ, ಅದಕ್ಕೆ. ಒಳಗಿನ ಕೂಸು ಹೊರಗೆ ಬರಬಾರದು, ಹೊರಗಿನವರು ಯಾರು ಬೇಕಾದರೂ ಒಳಗೆ ಹೋಗಬಹುದು. ಇದನ್ನು ನಾವು ಇಷ್ಟು ವರ್ಷ ಜೋಪಾನ ಅಂತ ಕರೆದುಕೊಂಡು ಬಂದಿದ್ದೇವೆ. ಅಂಗನವಾಡಿ ಬಂದಾಗ ಚಿಲಕವೂ ಮನೆಯಿಂದ ಅಲ್ಲಿಗೆ ಬಂತು, ಅಷ್ಟೇ.

ಜೂಲಿಯಾನಾ ಯಾರದೋ ಬೈಕಿನ ಹಿಂದೆ ಕೂತು ಬಂದಳು. ಕೈಯಲ್ಲಿ ಇನ್ನೂ ಸೋಪಿನ ನೊರೆ. ನಾವೆಲ್ಲ ಒಟ್ಟಿಗೇ ಹೊಳೆಯತ್ತ ಕೈ ತೋರಿಸಿ ಮಾತಾಡಿದೆವು. ಅವಳು ಹೊಳೆಯ ಕಡೆ ನೋಡಲೇ ಇಲ್ಲ.

“ಬಾಗಲಾ ಯಾರ ತಗದ್ರು?”

“ನಾನವಾ” ಅಂದೆ.

“ಆಕೀ ಹೆಸರ ಹಿಡದು ಕರದ್ರೇನ್ರಿ?”

“ಕರದ್ವೆವಾ. ಊರ ಮಂದೆಲ್ಲಾ ಕರದ್ವಿ.”

“ಹಂಗಾದ್ರ ಒಳಗ ಇರತಾಳ” ಅಂದು ಅವಳು ಸೀದಾ ಕೋಣೆಗೆ ನಡೆದಳು.

ಮಗಳ ಹೆಸರನ್ನು ಕೂಗಲಿಲ್ಲ. ಬಾಗಿಲಲ್ಲಿ ನಿಂತು ತಮ್ಮ ಮನೆಮಾತಿನಲ್ಲಿ ಮೆಲ್ಲಗೆ ಏನೋ ಅಂದಳು. ಮೂಲೆಯಲ್ಲಿ ಒಟ್ಟಿದ್ದ ರೇಷನ್ ಚೀಲಗಳ ಹಿಂದೆ ಏನೋ ಸರಿದಾಡಿತು. ಗೋಡೆಗೂ ಚೀಲಕ್ಕೂ ನಡುವಿನ ಸಂದಿಯಿಂದ ಫಿಲು ಹೊರಬಂದಳು. ಚಡ್ಡಿ ಒದ್ದೆಯಾಗಿತ್ತು. ಹೊಗೆಗೆ ಕಣ್ಣು ಕೆಂಪಾಗಿದ್ದವು. ಕೆಮ್ಮು ಬಾರದಂತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಶಾಂತವ್ವ ಅವಳನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು. ಚಾಚಾ ದೇವರಿಗೆ ಕೈ ಎತ್ತಿದರು. ನನಗೆ ಮಾತ್ರ ಖುಷಿಯಾಗಲಿಲ್ಲ. ಆಗಬೇಕಿತ್ತು, ಆಗಲಿಲ್ಲ. ಅಷ್ಟೂ ಹೊತ್ತು ಆ ಕೂಸು ನಮ್ಮ ಕೂಗು ಕೇಳಿಸಿಕೊಂಡು, ಹೊಗೆ ಕುಡಿಯುತ್ತಾ, ಉಸಿರು ಬಿಗಿಹಿಡಿದು ಕೂತಿತ್ತು!

“ಕರದ್ರ ಯಾಕ ಓ ಅನ್ನಲಿಲ್ಲ ಇಕಿ?” ಅಂತ ಜೂಲಿಯಾನಾಳನ್ನು ಕೇಳಿದೆ.

“ನಾನ ಕಲಿಸೇನ್ರಿ. ನಾ, ಆಯಾ ಅಲ್ಲದ ಬ್ಯಾರೆ ಯಾರರ ಚಿಲಕಾ ತಗದ್ರ ಅಡಗಿ ಕೂಡು. ಹೆಸರ ಹಿಡದು ಕರದ್ರಂತೂ ಓ ಅನ್ನಬ್ಯಾಡ ಅಂತ.”

“ಮೂರು ವರ್ಷದ ಕೂಸಿಗೆ ಇಂಥಾದ್ದೇನವಾ ಕಲಿಸೂದು?”

ಜೂಲಿಯಾನಾ ಸೆರಗಿನಿಂದ ಮಗಳ ಮುಖ ಒರೆಸುತ್ತಿದ್ದಳು. “ದೊಡ್ಡಾಕಿಗೆ ಕಲಿಸಿರಲಿಲ್ರಿ” ಅಂದಳು. “ನಾವು ಕೂಲಿಗೆ ಹೋದಾಗ ಒಬ್ಬಾಂವ ಬಂದು ಚಿಲಕಾ ತಗದು ಹೆಸರ ಹಿಡದು ಕರದ. ಗುರ್ತಿನಾಂವನ. ಆಕಿ ಓ ಅಂದ್ಲು.”

ಆಮೇಲೆ? ಶಾಂತವ್ವ ಅಳು ನಿಲ್ಲಿಸಿ ನೆಲ ನೋಡಿದಳು. ಊರಿಗೆಲ್ಲ ಗೊತ್ತಿರುವ, ಯಾರೂ ಆಡದ ಮಾತು ಅದು ಅಂತ ನನಗೆ ಆಗ ಅರ್ಥವಾಯಿತು.

ಗುರುವಾರ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಮೇಲಿನವರು ಬಂದು ಸಭೆ ಮಾಡಿ ಹೋದರಂತೆ. ಮಕ್ಕಳ ಸುರಕ್ಷತೆಗೆ ಇನ್ನುಮುಂದೆ ಚಿಲಕ ಸಾಲದು ಅಂತ ತೀರ್ಮಾನವಾಯಿತಂತೆ. ಬೀಗ ಬಂದಿದೆ. ಇನ್ನೊಬ್ಬ ಆಯಾ ಬಂದಿಲ್ಲ, ನಳದಲ್ಲಿ ನೀರು ಬಂದಿಲ್ಲ, ಒಲೆ ಮೂಲೆ ಬಿಟ್ಟು ಕದಲಿಲ್ಲ. ಪಾಲಕರಿಗೆ ಸಮಾಧಾನವಾಗಿದೆಯಂತೆ. ನನಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಮುಂದಿನ ಸಲ ಹೊಗೆ ಬಂದಾಗ ಅಲ್ಲಿ ನಿಂತವರು ಏನು ಎಳೆಯಬೇಕು?

ಬೀಗದ ಮಾತು ಬಿಡಿ. ನನ್ನನ್ನು ನಿದ್ದೆಗೆ ಬಿಡದೆ ಇರುವುದು ಬಸ್ಸು ಬರುವ ಮೊದಲು ಆದ ಇನ್ನೊಂದು ಮಾತು. ತಿಳಿದವಳ ಹಾಗೆ ನಾನು ಜೂಲಿಯಾನಾಳಿಗೆ ಬುದ್ಧಿ ಹೇಳಿದೆ. “ಹಿಂಗ ಆದ್ರ ಒಂದಿನ ಕೂಸಿನ ಜೀವಕ್ಕ ಎರವಾಗತೈತಿ ನೋಡವಾ. ಒಳ್ಳೇ ಮಂದಿ ಕರದಾಗರ ಓ ಅನ್ನೂದು ಕಲಿಸು.”

ಅವಳಿಗೆ ಸಿಟ್ಟು ಬರಲಿಲ್ಲ. ಮಗಳನ್ನು ಸೊಂಟದ ಮೇಲೆ ಏರಿಸಿಕೊಂಡು, “ಹೂಂ ಅಕ್ಕಾರ, ಕಲಸ್ತೇನಿ. ಯಾರ್ಯಾರು ಅಂತ ನೀವ ಒಂದೆರಡು ಹೆಸರ ಹೇಳ್ರಿ” ಅಂದು ನನ್ನ ಮುಖ ನೋಡುತ್ತಾ ನಿಂತಳು.

ಬಸ್ಸು ಬಂತು, ನಾನು ಹತ್ತಿದೆ. ಒಂದು ಹೆಸರೂ ಬಾಯಿಗೆ ಬರಲಿಲ್ಲ. ನಿಮಗೆ ಬರುತ್ತದೆಯೇ?