ಭರತೇಶನನ್ನು ಕರೆಯಲು ಶೇಡಬಾಳಕ್ಕೆ

ಡಿಸೆಂಬರಿನ ಒಂದು ಮಧ್ಯಾಹ್ನ ರಾಯಬಾಗ ನಿಲ್ದಾಣದಲ್ಲಿ ಇಳಿದೆ. ಜೊತೆಗೆ ಇಳಿದವರೆಲ್ಲ ತಮ್ಮವರ ಬೈಕು ಹತ್ತಿ ಹೋದರು, ನಾನೊಬ್ಬಳು ಬಸ್ಸಿಗೆ ಕಾದೆ. ಹೊರಟಿದ್ದು ಶೇಡಬಾಳಕ್ಕೆ, ಭರತೇಶನನ್ನು ವಾಪಸು ಕರೆಯಲು. ನಮ್ಮ ಪ್ರಯೋಗಾಲಯದಲ್ಲಿ ಸಾಸಿವೆಯಷ್ಟು ಗುಳಿಗೆಯಲ್ಲಿ ಹೈಡ್ರೋಜನ್ ತುಂಬಿ, ಸುತ್ತಲಿಂದ ಲೇಸರ್ ಹೊಡೆದು, ಸೂರ್ಯನೊಳಗೆ ನಡೆಯುವಂತೆ ಪರಮಾಣುಗಳನ್ನು ಬೆಸೆಯಲು ನೋಡುತ್ತೇವೆ. ಗುಳಿಗೆ ಕೂದಲೆಳೆಯಷ್ಟು ಓರೆಯಾದರೂ ಹೊಡೆತ ದಂಡ. ಅದನ್ನು ನೆಟ್ಟಗೆ ಕೂರಿಸುತ್ತಿದ್ದವನು ಭರತೇಶ. ಅವನು ಕೆಲಸ ಬಿಟ್ಟು ಊರಿನ ದ್ರಾಕ್ಷಿತೋಟಕ್ಕೆ ಬಂದ ಮೇಲೆ ನನ್ನ ಒಂದು ಪ್ರಯೋಗವೂ ಸರಿಹೋಗಿಲ್ಲ. ಆ ಕೋಣೆಯಲ್ಲಿ ಮಾತಾಡಲೂ ಯಾರೂ ಇಲ್ಲ.

ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಕುಡಚಿಯ ಸೇತುವೆ ದಾಟುವಾಗಲೇ ಕೃಷ್ಣೆಯ ಮೇಲೆ ಹೊತ್ತು ಮುಳುಗಿತು, ನನ್ನ ಲೆಕ್ಕ ತಪ್ಪಿತು. ಭರತೇಶನ ಮನೆಯವರು ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಜೊತೆಗೆ ಉಣ್ಣುತ್ತ ಮೆಲ್ಲಗೆ ಮಾತು ತೆಗೆಯಬೇಕೆಂದು ಲೆಕ್ಕ ಹಾಕಿ ಬಂದಿದ್ದೆ.

“ನಿಮ್ಮ ದಾರಿ ನೋಡಿ ನೋಡಿ ಹೊತ್ತ ಮುಳುಗೂದ್ರಾಗ ಊಟ ಮುಗಿಸಿದಿವ್ರಿ,” ಎಂದಳು ಬಾಗಿಲಿಗೆ ಬಂದ ಅವನ ಹೆಂಡತಿ ಪದ್ಮಾ. ಹಗಲೇ ಮಾಡಿಟ್ಟ ರೊಟ್ಟಿ, ಹೆಸರುಕಾಳಿನ ಪಲ್ಯ, ನಂಚಿಕೊಳ್ಳಲು ಶೇಂಗಾ ಹಿಂಡಿಯ ಪುಡಿ ನನಗೊಬ್ಬಳಿಗೇ ಬಡಿಸಿದಳು. ಇಬ್ಬರೂ ಎದುರಿಗೆ ಕೂತು ನೋಡಿದರು. ರುಚಿಯಾಗಿತ್ತು.

“ನಿಮ್ಮ ಸೂರ್ಯಾ ಯಾವಾಗ ತಯಾರಾಗ್ತಾನ್ರಿ ಮೇಡಮ್? ನಮ್ಮ ಪಂಪಿಗೆ ಕರೆಂಟ್ ಕೊಡ್ತಾನಂತಲ್ಲ?” ಪದ್ಮಾ ನಕ್ಕಳು.

“ನಮ್ಮ ಕಾಲಕ್ಕೆ ಆಗಲಿಕ್ಕಿಲ್ಲ,” ಎಂದೆ. ಅದೇ ಬಾಯಲ್ಲಿ ಭರತೇಶನಿಗೆ, “ವಾಪಸು ಬಾ,” ಎಂದೆ.

ಅವನು ತಲೆ ತಗ್ಗಿಸಿದ. “ಅಲ್ಲೆ ನಾ ಕೂಡಿಸಿದ್ದೆಲ್ಲಾ ಕಣ್ಣ ಪಿಳಕಿಸೂದ್ರಾಗ ಸುಟ್ಟ ಹೋಗ್ತಿತ್ರಿ. ಇಲ್ಲೆ ಕಾಯಿ ತುಂಬೂದು ಕಣ್ಣಿಗಿ ಕಾಣ್ತೈತಿ. ನೋಡೂನ್ರಿ.”

ಆ ‘ನೋಡೋಣ’ಕ್ಕೇ ಜೋತುಬಿದ್ದೆ. ಮುಳುಗುವವಳಿಗೆ ಹುಲ್ಲುಕಡ್ಡಿಯೇ ಆಸರೆ.

ಬೆಳಿಗ್ಗೆ ಅವನು ದ್ರಾಕ್ಷಿ ಗೊಂಚಲುಗಳಲ್ಲಿ ಒತ್ತೊತ್ತಾಗಿ ಬೆಳೆದ ಕಾಯಿ ಕತ್ತರಿಸುವ ಕೆಲಸ ಬಿಟ್ಟು, ಕಾಗವಾಡದ ಬಸ್ಸಿಗೆ ಹತ್ತಿಸಲು ಬಂದ. ಹಳೆಯ ಕೆಲಸದ ಆಸೆ ಹುಟ್ಟಲಿ ಎಂದು ಕೇಳಿದೆ: “ಗುಳಿಗೆ ಕೂರಿಸುವಾಗ ನಿನ್ನ ಕೈ ನಡುಗುತ್ತಿರಲಿಲ್ಲವಲ್ಲ, ಹೇಗೆ?”

ಅವನ ಮುಖ ಅರಳಿತು. ನನ್ನ ಪೆನ್ನನ್ನೇ ಚಿಮುಟದಂತೆ ಹಿಡಿದು ತೋರಿಸಿದ. “ಮೊಣಕೈ ಮೇಜಿಗಿ ಊರ್ರಿ. ಉಸರು ಹಿಡೀಬ್ಯಾಡ್ರಿ, ಪೂರ್ತಿ ಬಿಟ್ಟ ಮ್ಯಾಲ ಕೂಡಸ್ರಿ.” ಪ್ರಯೋಗಾಲಯದಲ್ಲಿ ಎಷ್ಟು ಕೇಳಿದರೂ, “ನಾ ಅದೀನಲ್ರಿ, ನಿಮಗ್ಯಾಕ?” ಎಂದು ನಕ್ಕುಬಿಡುತ್ತಿದ್ದವನು ಇವತ್ತು ಏನನ್ನೂ ತನ್ನಲ್ಲಿ ಉಳಿಸಿಕೊಳ್ಳಲಿಲ್ಲ.

ಬಸ್ಸು ಹೊರಟಿತು. ಕಿಟಕಿಯಿಂದ ತಿರುಗಿ ನೋಡಿದೆ. ರಸ್ತೆ ಬದಿಯಲ್ಲಿ ನಿಂತು, ಮೊಣಕೈ ಎತ್ತಿ ತೋರಿಸುತ್ತ, ಇನ್ನೂ ಕಲಿಸುತ್ತಲೇ ಇದ್ದ.