ಶೂ ತಾತ ಕೆಮ್ಮದ ಸಂಜೆ

ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ತಾತ ನನ್ನ ಶೂಗಳ ಎರಡೂ ಲೇಸ್‌ಗಳನ್ನು ಬಾಯಲ್ಲಿ ಕಚ್ಚಿಕೊಂಡರು. ಬಿಳಿ ಲೇಸ್‌ಗಳು. ತುದಿಗಳು ಅವರ ನರೆತ ಗಡ್ಡದ ಎರಡೂ ಕಡೆ ಜೋತುಬಿದ್ದು, ನಡೆದಂತೆಲ್ಲ ಅಲ್ಲಾಡುತ್ತಿದ್ದವು. ಸಮಯ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಐದಕ್ಕೆ ಟೀ ಫ್ಯಾಕ್ಟರಿಯ ಸೈರನ್ ಕೂಗಿತ್ತು. ಐದೂವರೆಗೆ ಮಂಜೂರಿನಿಂದ ನನ್ನ ಊಟಿ ಬಸ್ಸು. ನಡುವಿನ ಒಂದೊಂದು ನಿಮಿಷವನ್ನೂ ನಾನು ಫೋನಿನಲ್ಲಿ ನೋಡುತ್ತಿದ್ದೆ.

ಮಂಜೂರಿನ ಬಸ್ ನಿಲ್ದಾಣದ ಪಕ್ಕ, ಟೀ ಅಂಗಡಿಯ ಗೋಡೆಗೆ ಒರಗಿಸಿದ ಒಂದು ತಗಡಿನ ಗೂಡು ಅವರ ಅಂಗಡಿ. ಊರಿಗೆಲ್ಲ ಅವರು ಶೂ ತಾತ. ತಮಿಳಿನವರಿಗೂ ತಾತ, ನಮಗೂ ತಾತ. ಗುಂಡ್ಲುಪೇಟೆಯ ಆಚೆಯ ಯಾವುದೋ ಹಳ್ಳಿಯಿಂದ ಅಪ್ಪನ ಜೊತೆ ಎಸ್ಟೇಟಿನವರ ಬೂಟು ಹೊಲಿಯಲು ಬೆಟ್ಟ ಹತ್ತಿದವರು. ಬೂಟಿನ ಕಾಲ ಮುಗಿದು ಓಟದ ಶೂಗಳ ಕಾಲ ಬಂದಾಗ, ಯಾರೋ ಎಸೆದ ಜೊತೆಯೊಂದನ್ನು ಉದ್ದಕ್ಕೆ ಸೀಳಿ, ಪದರ ಪದರ ಬಿಡಿಸಿ ನೋಡಿ ಕೆಲಸ ಕಲಿತರಂತೆ. ಆ ಸೀಳಿದ ಶೂ ಗೂಡಿನ ಮೊಳೆಗೆ ಕೊನೆಯವರೆಗೂ ನೇತಾಡುತ್ತಿತ್ತು. ಯಾರಾದರೂ ಏನದು ಎಂದು ಕೇಳಿದರೆ, “ನಮ್ ಗುರುಗಳು” ಎನ್ನುತ್ತಿದ್ದರು.

ನಾನು ಮೊದಲ ಸಲ ಅವರ ಮುಂದೆ ನಿಂತಾಗ ಹನ್ನೊಂದನೇ ಕ್ಲಾಸು. ಅಟ್ಟೆ ಬಾಯಿಬಿಟ್ಟ ಶೂ ಬಿಚ್ಚಿ, ಎಲ್ಲರೂ ಮಾಡುವ ಹಾಗೆ, ಕಾಲಿನಿಂದಲೇ ಅವರತ್ತ ತಳ್ಳಿದೆ. ತಾತ ಅದನ್ನು ನೋಡಲೇ ಇಲ್ಲ. ಬೇರೆ ಯಾರದೋ ಚಪ್ಪಲಿ ಹೊಲಿಯುತ್ತಾ ಕೂತರು. ಸ್ವಲ್ಪ ಹೊತ್ತು ಕಾದು, “ತಾತ, ಇದು” ಎಂದೆ.

“ಕಾಲಲ್ಲಿ ಕೊಟ್ಟದ್ದ ಕೈಯಲ್ಲಿ ಈಸ್ಕೊಳೋದು ನಮ್ಮಪ್ಪನ ಕಾಲಕ್ಕೇ ಮುಗೀತು ಕಣವ್ವ. ಕೈಯಲ್ಲಿ ಕೊಡು.”

ಬಗ್ಗಿ ಎತ್ತಿಕೊಟ್ಟೆ. ಮುಖಕ್ಕೆ ರಕ್ತ ಏರಿತ್ತು. ಅವರು ಎರಡೂ ಕೈ ಚಾಚಿ, ಪ್ರಸಾದ ತೆಗೆದುಕೊಳ್ಳುವವರ ಹಾಗೆ ತೆಗೆದುಕೊಂಡರು. ಅಡಿ ಮೇಲು ಮಾಡಿ ನೋಡಿ, “ಬಲಮಂಡಿ ನೋಯ್ತದಾ?” ಎಂದು ಕೇಳಿದರು. ನೋಯುತ್ತಿತ್ತು, ಮನೆಯಲ್ಲೂ ಹೇಳಿರಲಿಲ್ಲ. “ಹೊರಮಗ್ಗುಲು ಸವೆದದೆ ನೋಡು. ನೀನು ಹೇಳ್ದೆ ಇದ್ರೂ ಇದು ಹೇಳ್ತದೆ.”

ನಮ್ಮದು ಮೈಸೂರು ಸೀಮೆಯಿಂದ ಬಂದು ಕ್ಯಾರೆಟ್, ಆಲೂಗಡ್ಡೆ ಬೆಳೆಯುವ ಮನೆ. ಓಡುವ ಹುಡುಗಿ ಅಲ್ಲಿ ನಾನೊಬ್ಬಳೇ. ಇದ್ದದ್ದು ಒಂದೇ ಜೊತೆ ಶೂ. ಅದು ಐದು ವರ್ಷ ಬಂದದ್ದು ತಾತನಿಂದ. ಮಂಜೂರಿನಲ್ಲಿ ಕೆಸರು, ಮಂಜು, ಮತ್ತೆ ಕೆಸರು. ಕೆಸರು ಹಸಿ ಇರುವಾಗ ಉಜ್ಜಲು ಹೋದರೆ ಅವರು ಬ್ರಷ್ ಕಿತ್ತುಕೊಳ್ಳುತ್ತಿದ್ದರು. “ಹಸೀಲಿ ಮುಟ್ಟಿದ್ರೆ ಒಳಿಕ್ಕೆ ಇಳೀತದೆ. ಬುಡು, ಒಣಗ್ಲಿ. ಅದೇ ಉದುರ್ತದೆ.” ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷು, ತಣ್ಣೀರು, ಒಂದು ಚೂರು ಬಾರ್ ಸೋಪು. ಬಕೆಟ್ಟಿನಲ್ಲಿ ನೆನೆಹಾಕುವಂತಿಲ್ಲ, ಅಂಟು ಬಿಡುತ್ತದೆ. ಬಿಸಿಲಿಗೆ ಇಡುವಂತಿಲ್ಲ. ಒಳಗಿನ ಹಾಸು ತೆಗೆದು ಬೇರೆ ಒಣಗಿಸಬೇಕು. ಒಳಗೆ ನ್ಯೂಸ್‌ಪೇಪರ್ ತುರುಕಿದರೆ, “ನಾಳೆ ನಿನ್ ಕಾಲ್ಚೀಲದಲ್ಲಿ ಸಿನಿಮಾ ಸುದ್ದಿ ಓದ್ಬೇಕಾಯ್ತದೆ” ಎಂದು ನಗುತ್ತಿದ್ದರು. ಅವರು ತುರುಕುತ್ತಿದ್ದದ್ದು ಟೀ ಚೀಲದ ಬರಿಯ ಕಾಗದ. ವಾಸನೆಗೆ ಮದ್ದೂ ಟೀಯೇ. ಫ್ಯಾಕ್ಟರಿಯಲ್ಲಿ ಗುಡಿಸಿ ಎಸೆಯುವ ಪುಡಿಯನ್ನು ಹಳೆ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಒಂದೊಂದು ಶೂಗೆ ಒಂದೊಂದು ಇಡುತ್ತಿದ್ದರು.

ಟೀ ಅಂಗಡಿಯವನಿಗೆ ಇದು ದಿನದ ತಮಾಷೆ. “ತಾತಾ, ನನ್ನ ಚಪ್ಪಲಿಗೂ ಒಂದು ಟೀ ಹಾಕು!”

“ನಿನ್ ಟೀ ಕುಡಿದ್ರೆ ಚಪ್ಪಲಿಗೂ ಹೊಟ್ಟೆ ಕೆಡ್ತದೆ, ಹೋಗೋ.”

ಅವರು ಪದೇ ಪದೇ ಹೇಳುತ್ತಿದ್ದ ಇನ್ನೊಂದು ಮಾತಿದೆ. ಚೆನ್ನಾಗಿದೆ ಎಂದು ಹೊಸ ಶೂವನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ಶೂ ಓಡಿ ಸಾಯಲ್ಲ ಕಣವ್ವ. ಕುಂತು ಸಾಯ್ತದೆ.” ಆಗ ನನಗೆ ಇದೊಂದು ಗಾದೆ ಅನ್ನಿಸಿತ್ತು.

ಮಂಜು ನಾಲ್ಕೈದು ದಿನ ಬಿಡದೆ ಕೂತರೆ ಬಟ್ಟೆಯೇ ಒಣಗುವುದಿಲ್ಲ, ಶೂ ಎಲ್ಲಿ ಒಣಗೀತು? ಅಂಥ ದಿನಗಳಿಗೆ ತಾತನ ಹತ್ತಿರ ಒಂದು ಜಾಗವಿತ್ತು. ಟೀ ಫ್ಯಾಕ್ಟರಿಯ ಹಿಂಗೋಡೆ. ಎಲೆ ಒಣಗಿಸುವ ಯಂತ್ರ ಅದರ ಒಳಗಡೆ ಇದ್ದುದರಿಂದ ಆ ಗೋಡೆ ಯಾವಾಗಲೂ ಬೆಚ್ಚಗಿರುತ್ತಿತ್ತು. ಗೋಡೆಯಿಂದ ಒಂದು ಮೊಳ ದೂರಕ್ಕೆ ಹಲಗೆ ಹಾಕಿ ಶೂ ಸಾಲಾಗಿ ಇಡುತ್ತಿದ್ದರು. “ಇದು ಟೀ ಫ್ಯಾಕ್ಟ್ರಿಯಾ, ಶೂ ಫ್ಯಾಕ್ಟ್ರಿಯಾ?” ಎಂದು ವಾಚ್‌ಮನ್ ಬೈಯುತ್ತಲೇ ತನ್ನ ಮಗನ ಶೂವನ್ನೂ ತಂದು ಅದೇ ಸಾಲಿಗೆ ಸೇರಿಸುತ್ತಿದ್ದ.

ಬಸ್ ನಿಲ್ದಾಣದಿಂದ ಆ ಗೋಡೆಗೆ ಟೀ ಗಿಡಗಳ ನಡುವೆ ಒಂದು ಕಾಲುದಾರಿ. ಇನ್ನೂರು ಹೆಜ್ಜೆಯೂ ಇಲ್ಲ. ಆದರೆ ಮಂಜು ಬಿದ್ದಾಗ ಆ ದಾರಿಯಲ್ಲಿ ಯಾರೂ ಸುಮ್ಮನೆ ನಡೆಯುವುದಿಲ್ಲ. ಗಿಡಗಳ ಸಂದಿಯಲ್ಲಿ ಕಾಡೆಮ್ಮೆ ನಿಂತಿರಬಹುದು. ನಮ್ಮ ಕಡೆ ಮನೆಗೊಂದು ನಾಯಿ ಎನ್ನುವ ಹಾಗೆ ತೋಟಕ್ಕೊಂದು ಕಾಡೆಮ್ಮೆ. ಎಲೆ ಕೀಳುವ ಹೆಂಗಸರು ಗಟ್ಟಿಯಾಗಿ ಮಾತಾಡಿಕೊಂಡು ಹೋಗುತ್ತಾರೆ. ಕೆಲವರು ಫೋನಿನಲ್ಲಿ ಹಾಡು ಹಾಕುತ್ತಾರೆ. ತಾತ ಕೆಮ್ಮುತ್ತಿದ್ದರು. ಹತ್ತು ಹೆಜ್ಜೆಗೊಂದು ಕೆಮ್ಮು, ರೋಗದ್ದಲ್ಲ, ಮನೆಯ ಯಜಮಾನನದು.

“ಕಾಡೆಮ್ಮೆಗೆ ನಮ್ ಮ್ಯಾಲೆ ಕ್ವಾಪ ಏನಿಲ್ಲ. ಗೊತ್ತಿಲ್ದಂಗೆ ಹತ್ರ ಹೋದ್ರೆ ಗಾಬರಿ, ಅಷ್ಟೆ. ಹೆಣ್ಮಕ್ಕಳು ಇರೋ ಮನೆ ಒಳಿಕ್ಕೆ ಹೋಗುವಾಗ ಕೆಮ್ಮಲ್ವಾ? ಅಂಗೆ.”

ಆ ದಿನಕ್ಕೆ ಬರುತ್ತೇನೆ. ಮರುದಿನ ಬೆಳಿಗ್ಗೆ ಊಟಿಯಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ. ಕಾಲೇಜಿನ ಕೊನೆಯ ವರ್ಷ. ಇನ್ನೊಂದು ಅವಕಾಶ ಇರಲಿಲ್ಲ. ಬಿಳಿ ಶೂ ಬೆಳ್ಳಗೆ ಕಾಣಲಿ ಎಂದು ಹಿಂದಿನ ದಿನ ಸೋಪಿನ ಪುಡಿ ಸುರಿದ ಬಕೆಟ್ಟಿನಲ್ಲಿ ಅದನ್ನು ನೆನೆಹಾಕಿ ಮಲಗಿದ್ದೆ. ಐದು ವರ್ಷ ಅವರ ಮುಂದೆ ಕೂತು ಕೇಳಿದ್ದೆಲ್ಲ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ. ಬೆಳಿಗ್ಗೆ ಬಲಗಾಲಿನದರ ಮೂತಿ ಅಂಟು ಬಿಟ್ಟು, ಮೀನಿನ ಬಾಯಿಯ ಹಾಗೆ ತೆರೆದಿತ್ತು.

ತಾತ ನೋಡಿದರು. ಟೀ ಅಂಗಡಿಯ ಮುಂದೆ ಏಳೆಂಟು ಜನ ಇದ್ದರು.

“ಏನ ಓದಿದೀಯ ನೀನು? ಪಾತ್ರೆ ಬೆಳಗೋದಾ?”

ಎಲ್ಲರೂ ನಕ್ಕರು. ಅವರು ನನ್ನನ್ನು ಬೈದದ್ದು ಅದೊಂದೇ ಸಲ. ನಾನು ಮಾತು ಬಿಟ್ಟೆ. ಅಂಟು ಹಾಕಿ, ಬಿಗಿಯಾಗಿ ದಾರ ಸುತ್ತಿ, ಮಧ್ಯಾಹ್ನ ಅವರು ಶೂಗಳನ್ನು ಹಲಗೆಯ ಮೇಲೆ ಇಟ್ಟುಬಂದರು. ಸೈರನ್ ಆದಮೇಲೆ ಇಬ್ಬರೂ ತರಲು ಹೋದೆವು. ಹೋಗುವಾಗ ಅವರು ಕೆಮ್ಮುತ್ತಲೇ ಹೋದರು.

ಗೋಡೆಯ ಹತ್ತಿರ ದಾರ ಬಿಚ್ಚಿ, ಶೂ ಒಳಗೆ ಕೈಹಾಕಿ, “ಮುಂದ್ಕೆ ವಸಿ ಹಸಿ ಅದೆ. ಇನ್ನೊಂದ್ ಅರ್ಧ ಗಂಟೆ” ಎಂದರು.

“ಬಸ್ಸು ಹೋಗುತ್ತೆ” ಎಂದೆ. ಕೊನೆಗೆ ‘ತಾತ’ ಎನ್ನುವುದನ್ನೂ ಸೇರಿಸಲಿಲ್ಲ.

ಲೇಸ್ ಪೋಣಿಸದ ಶೂವನ್ನು ಅವರು ಯಾರ ಕೈಗೂ ಕೊಟ್ಟವರಲ್ಲ. ಅದು ಅವರ ಲೆಕ್ಕದಲ್ಲಿ ಅರ್ಧ ಕೆಲಸ. ಪೋಣಿಸಲು ಕೂರುವಷ್ಟು ಸಮಯವನ್ನು ನಾನು ಕೊಡಲಿಲ್ಲ. ಹಾಗಾಗಿ ನಡೆಯುತ್ತಲೇ ಪೋಣಿಸಲು ಹೊರಟರು. ಒಂದು ಶೂ ಕಂಕುಳಲ್ಲಿ, ಒಂದು ಕೈಯಲ್ಲಿ, ಲೇಸ್‌ಗಳು ಬಾಯಲ್ಲಿ.

ಬಾಯಲ್ಲಿ ಲೇಸ್ ಕಚ್ಚಿದವರು ಕೆಮ್ಮಲಾರರು. ನನ್ನ ಬಾಯಿ ಖಾಲಿ ಇತ್ತು. ಒಂದು ಮಾತು, ಒಂದು ಕೆಮ್ಮು, ಒಂದು “ಬೇಗ ಬನ್ನಿ ತಾತ” ಸಾಕಿತ್ತು. ನಾನು ಮುನಿಸಿಕೊಂಡಿದ್ದೆ. ಎರಡು ಹೆಜ್ಜೆ ಹಿಂದೆ, ತುಟಿ ಬಿಗಿದುಕೊಂಡು ನಡೆಯುತ್ತಿದ್ದೆ. ಮಂಜು ಟೀ ಗಿಡಗಳ ತಲೆಯ ಮೇಲೆ ಹಚ್ಚಡದಂತೆ ಬಿದ್ದಿತ್ತು. ಒಂದು ಲೇಸ್ ಮುಗಿಯಿತು. ಎರಡನೆಯದು ಮೂರು ತೂತು ದಾಟಿತ್ತು.

ದಾರಿ ತಿರುಗುವಲ್ಲಿ ಒಂದು ಸಿಲ್ವರ್ ಓಕ್ ಮರ. ಅದರ ಬುಡದ ಚರಂಡಿಯಲ್ಲಿ ಕಾಡೆಮ್ಮೆ ನಿಂತಿತ್ತು. ಮೊದಲು ಕೇಳಿದ್ದು ಕುಕ್ಕರಿನಿಂದ ಹಬೆ ಬಿಟ್ಟ ಹಾಗೆ ಒಂದು ಉಸಿರು. ಆಮೇಲೆ ಕಂಡದ್ದು ಬಿಳಿ ಕಾಲುಗಳು. ಮೈ ಇನ್ನೂ ಮಂಜಿನಲ್ಲಿತ್ತು. ತಾತ ಹಿಂದಕ್ಕೆ ಕೈ ಬೀಸಿದರು. ಕೈಯಲ್ಲಿದ್ದ ಶೂ ನನ್ನ ಎದೆಗೆ ಬಡಿಯಿತು. ಅವರು ನನ್ನನ್ನು ದಬ್ಬಿದರು ಎಂದು ಜನ ಹೇಳುತ್ತಾರೆ. ಇರಬಹುದು. ನನಗೆ ಗೊತ್ತಿರುವುದು ನಾನು ಓಡಿದೆ ಎನ್ನುವುದಷ್ಟೆ. ಹವಾಯಿ ಚಪ್ಪಲಿಯಲ್ಲಿ, ಏರಿನಲ್ಲಿ, ಫ್ಯಾಕ್ಟರಿಯ ಕಡೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಎಂದೂ ಓಡಿರಲಿಲ್ಲ. ಓಡುವಾಗಲೇ ಅದು ನನಗೆ ಗೊತ್ತಾಗುತ್ತಿತ್ತು. ಕಾಲು ಎಷ್ಟು ಹಗುರಾಗಿದೆ ಎಂದು. ಹಿಂದೆ ಏನೋ ಬಿದ್ದ ಸದ್ದಾಯಿತು. ತಿರುಗಿ ನೋಡಲಿಲ್ಲ.

ವಾಚ್‌ಮನ್ ಮತ್ತು ಐದಾರು ಜನ ತಗಡಿನ ಡಬ್ಬ ಬಡಿಯುತ್ತಾ ಇಳಿದು ಬರುವಾಗ ಅದು ಹೊರಟುಹೋಗಿತ್ತು. ತಾತ ಚರಂಡಿಯಲ್ಲಿದ್ದರು. ಲೇಸಿನ ತುದಿ ಇನ್ನೂ ಹಲ್ಲಿನ ನಡುವೆ ಇತ್ತು.

ಒಂಬತ್ತು ದಿನ ಅವರು ಆಸ್ಪತ್ರೆಯಲ್ಲಿದ್ದರು. ಪಕ್ಕೆಲುಬು ಮುರಿದು ಒಳಗೆ ಚುಚ್ಚಿಕೊಂಡಿತ್ತು. ಆಯ್ಕೆಗೆ ನಾನು ಹೋಗಲಿಲ್ಲ. ಮೂರನೆಯ ದಿನ ಅವರು ಕಣ್ಣುಬಿಟ್ಟು ನನ್ನನ್ನು ಗುರುತಿಸಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ,

“ಒಣಗಿತ್ತಾ?” ಎಂದರು.

“ಒಣಗಿತ್ತು ತಾತ. ಪೂರ್ತಿ ಒಣಗಿತ್ತು.”

ಕಣ್ಣಿನ ಮೂಲೆಯಲ್ಲಿ ಒಂದು ನಗು ಬಂತು. “ಸುಳ್ಳು. ಮುಂದ್ಕೆ ವಸಿ ಹಸಿ ಇತ್ತು.”

ಅದೇ ಕೊನೆಯ ಮಾತು. ಕ್ಷಮೆ ಕೇಳುವುದು ಉಳಿದೇಹೋಯಿತು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅವರ ಹೆಂಡತಿ, ನಾನು ಅಜ್ಜಿ ಎನ್ನುವವರು, ಒಳಗಿನಿಂದ ಶೂಗಳನ್ನು ತಂದು ಎರಡೂ ಕೈಯಲ್ಲಿ ನನಗೆ ಕೊಟ್ಟರು. “ನಿನ್ ವಸ್ತು, ಮಗ.” ಚರಂಡಿಯಿಂದ ಯಾರೋ ಎತ್ತಿ ತಂದದ್ದು. ಕೆಸರು ತಾನೇ ಒಣಗಿ ಉದುರಿತ್ತು. ಆಗ ಅವರಿಗೆ ಎಲ್ಲ ಹೇಳಿದೆ. ಬಕೆಟ್ಟು, ಬಸ್ಸು, ಲೇಸ್, ನನ್ನ ಮುನಿಸು. ಅಜ್ಜಿ ನೆಲ ನೋಡುತ್ತಾ ಪೂರ್ತಿ ಕೇಳಿದರು.

“ನೀನಾದ್ರೂ ಒಂದ್ಸಲ ಕೆಮ್ಮಬಾರದಾ, ಮಗ?”

ಸಿಟ್ಟಿರಲಿಲ್ಲ. ಸಾರಿಗೆ ಉಪ್ಪು ಹಾಕಬಾರದಾ ಎಂದು ಕೇಳಿದ ಹಾಗಿತ್ತು.

ಈಗ ನಾನು ಕೆತ್ತಿಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಓಡುವುದಿಲ್ಲ. ಆ ದಿನದ ನಂತರ ವರ್ಷಗಟ್ಟಲೆ ನಾನು ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡಿರಲಿಲ್ಲ. ಕಣ್ಣು ಮುಚ್ಚಿದರೆ ಆ ಇನ್ನೂರು ಹೆಜ್ಜೆ. ಪ್ರತಿ ಸಲವೂ ಮರ ಬರುವ ಮೊದಲೇ ಕೆಮ್ಮಬೇಕು ಎಂದುಕೊಳ್ಳುತ್ತೇನೆ. ಕೆಮ್ಮು ಹೊರಡುವ ಮೊದಲೇ ಎಚ್ಚರವಾಗುತ್ತದೆ.

ಶೂಗಳನ್ನು ಮಾತ್ರ ಅವರು ಹೇಳಿದ ಹಾಗೇ ನೋಡಿಕೊಂಡೆ. ತಿಂಗಳಿಗೊಮ್ಮೆ ಟೀ ಪುಡಿಯ ಗಂಟು ಬದಲಿಸಿದೆ. ಮಳೆಗಾಲದಲ್ಲಿ ಕಾಗದ ತುರುಕಿದೆ. ಬಿಸಿಲಿಗೆ ಇಡಲಿಲ್ಲ, ಸೂರಿನ ಕೆಳಗೆ ಗಾಳಿಗೆ ನೇತುಹಾಕಿದೆ. ಒಮ್ಮೆಯೂ ಕಾಲಿಗೆ ಹಾಕಲಿಲ್ಲ. ಅವು ಅಷ್ಟು ಬೆಳ್ಳಗೆ ಎಂದೂ ಇರಲಿಲ್ಲ.

ಈ ವರ್ಷ ಮಳೆ ಮುಗಿದ ಮೇಲೆ, ಒಂದು ಭಾನುವಾರ, ಮಂಜೂರಿನ ಮನೆಯಲ್ಲಿ ಅವನ್ನು ಇಳಿಸಿ ಒರೆಸುತ್ತಿದ್ದೆ. ಎಡಗಾಲಿನದರ ಅಟ್ಟೆ ಕೈಯಲ್ಲೇ ಕಳಚಿ ಬಂತು. ಅದರ ಮೇಲಿನ ಮೆತ್ತೆಯ ಪದರ ಒಣ ರೊಟ್ಟಿಯ ಹಾಗೆ ಪುಡಿಯಾಯಿತು. ಬಲಗಾಲಿನದನ್ನು ಒತ್ತಿದೆ. ಅದೂ ಅಷ್ಟೆ. ತಾತ ಅಂಟು ಹಾಕಿದ್ದ ಮೂತಿ ಮಾತ್ರ ಗಟ್ಟಿಯಾಗಿತ್ತು.

ಕುಂತು ಸಾಯ್ತದೆ ಎಂದಿದ್ದರು.

ಅವನ್ನು ಹಾಗೇ ಎರಡೂ ಕೈಯಲ್ಲಿ ಹಿಡಿದು ಅಜ್ಜಿಯ ಮನೆಗೆ ಹೋದೆ. ಬಸ್ ನಿಲ್ದಾಣದ ತಗಡಿನ ಗೂಡಿನಲ್ಲಿ ಈಗ ಯಾರೋ ಮೊಬೈಲ್ ಕವರು ಮಾರುತ್ತಾರೆ. ಅಜ್ಜಿ ಶೂಗಳನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ಮೆಲ್ಲಗೆ ಲೇಸ್‌ಗಳನ್ನು ಬಿಚ್ಚಿದರು. ಒಂದರ ತುದಿಯಲ್ಲಿ ಹಲ್ಲಿನ ಗುರುತು ಇನ್ನೂ ಇತ್ತು. ಅದನ್ನು ಬೆರಳಿಗೆ ಸುತ್ತಿಕೊಂಡು,

“ಇದೊಂದು ನನಗಿರ್ಲಿ. ಉಳಿದದ್ದು ಬುಡು” ಎಂದರು.

ಶೂಗಳನ್ನು ಅವರೇ ಒಲೆಯ ಪಕ್ಕದ ಕಸದ ಬುಟ್ಟಿಗೆ ಹಾಕಿದರು.

ಆ ದಿನ ಮನೆಗೆ ಬಂದು ಮಲಗಿದವಳಿಗೆ ಎಚ್ಚರವಾದಾಗ ಬೆಳಗಾಗಿತ್ತು. ಒಂದು ಸಲವೂ ಕಣ್ಣು ಬಿಟ್ಟ ನೆನಪಿಲ್ಲ. ಗಂಟಲು ಮಾತ್ರ ಉರಿಯುತ್ತಿತ್ತು. ಅಮ್ಮ ಬಿಸಿನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಏನ್ ನಿದ್ದೆನೇ ಅದು! ರಾತ್ರಿಯೆಲ್ಲ ಕೆಮ್ಮಿದೀಯ, ಒಂದ್ಸಲನೂ ಏಳಲಿಲ್ಲ.”